ಕಿತ್ತಳೆ ಟೋಪಿ, ನೀಲಿ ಅಂಗಿ

ಬಂಪರಿಗೆ ಅಂಟಿದ್ದ ಕಿತ್ತಳೆ ಬಣ್ಣದ ಡಿ ಅಕ್ಷರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಚಿಕಾಗೋ ಪಕ್ಕದ ಬೋಲಿಂಗ್‌ಬ್ರೂಕಿನ ಗ್ಯಾಸ್ ಸ್ಟೇಷನ್ನಿನಲ್ಲಿ ಶ್ರೀಕಾಂತ ಕಾರಿನ ಹಿಂದೆ ಮಂಡಿಯೂರಿ, ಮೊಸರನ್ನದ ಡಬ್ಬಿಯ ಚಮಚದಿಂದ ಅದನ್ನು ಕೆರೆಯುತ್ತಿದ್ದ. ಡೆಟ್ರಾಯ್ಟಿನ ಟೈಗರ್ಸ್ ಬೇಸ್‌ಬಾಲ್ ತಂಡದ ಗುರುತು. ಎಂಟು ವರ್ಷದ ಹಿಂದೆ ಕೈಯಾರೆ ಅಂಟಿಸಿದ್ದ.

"ಅಪ್ಪಾ, ವೈ ಆರ್ ಯೂ ವೇರಿಂಗ್ ಕಬ್ಸ್ ಬ್ಲೂ? ಯೂ ಹೇಟ್ ದಟ್ ಬ್ಲೂ," ಕಿಟಕಿಯಿಂದ ಮಗಳು ಆಶ್ರಿತಾ ಕೇಳಿದಳು.

"ಊಟ ಮುಗಿಯೋ ತನಕ ಈ ವಿಷಯ ಎತ್ತಬೇಡ ಪುಟ್ಟಿ. ಐಸ್‌ಕ್ರೀಮ್ ಕೊಡಿಸ್ತೀನಿ."

ಮಗು ಹೇಳಿದ್ದು ನಿಜವೇ. ಚಿಕಾಗೋದ ಕಬ್ಸ್ ತಂಡದ ನೀಲಿಯೆಂದರೆ ಪ್ಲಾಸ್ಟಿಕ್ ಬಕೆಟ್ಟಿನ ನೀಲಿ, ಮನುಷ್ಯರು ಮೈಮೇಲೆ ಹಾಕಿಕೊಳ್ಳುವ ಬಣ್ಣವಲ್ಲ ಎಂದು ಅವನು ಡೆಟ್ರಾಯ್ಟ್ ಪಕ್ಕದ ತನ್ನೂರು ಕ್ಯಾಂಟನ್ನಿನ ಎಷ್ಟೋ ಪಾಟ್‌ಲಕ್ ಊಟಗಳಲ್ಲಿ ಗಂಟಲು ಹರಿದುಕೊಂಡಿದ್ದ. ಆದರೆ ಇದು 2009ರ ಆಗಸ್ಟ್. ಕಾರು ಕಂಪನಿ ಅವನನ್ನು ಮಾರ್ಚಿನಲ್ಲೇ ಮನೆಗೆ ಕಳಿಸಿತ್ತು. ಈ ತಿಂಗಳು ಕೆಲಸ ಸಿಗದಿದ್ದರೆ ಕ್ಯಾಂಟನ್ನಿನ ಮನೆ ಬ್ಯಾಂಕಿನ ಪಾಲು.

ಹೆಂಡತಿ ಪದ್ಮಜಾಳನ್ನು ಬಿಟ್ಟರೆ ಈ ಸುದ್ದಿ ನರಪಿಳ್ಳೆಗೂ ಗೊತ್ತಿರಲಿಲ್ಲ. ನಮ್ಮವರಲ್ಲಿ ಅದು ಹೇಳಿಕೊಳ್ಳುವ ಮಾತಲ್ಲ. ಶ್ರೀಕಾಂತ ಈಗಲೂ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಲೈಬ್ರರಿಗೆ ಹೋಗಿ ಕೂತು, ಸಂಜೆ ಐದಕ್ಕೆ ಸುಸ್ತಾದವನಂತೆ ಮರಳುತ್ತಿದ್ದ.

ರವಿಶಂಕರ ಅವರ ಹೆಸರು ಹೇಳಿದವಳು ಪದ್ಮಜಾಳ ಚಿಕ್ಕಮ್ಮನ ಮಗಳು ಲಾವಣ್ಯ. ಅವಳ ಪಾಲಿಗಂತೂ ಭಾವ ಇನ್ನೂ ದೊಡ್ಡ ಎಂಜಿನಿಯರೇ. "ಬೋಲಿಂಗ್‌ಬ್ರೂಕಲ್ಲಿ ದೊಡ್ಡ ವೇರ್‌ಹೌಸ್ ಕಂಪನಿ ಮ್ಯಾನೇಜರ್ರು, ಅಕ್ಕ," ಎಂದಿದ್ದಳು ಫೋನಿನಲ್ಲಿ. "ಭಾವ ಒಂದ್ಸಲ ಮೀಟ್ ಮಾಡ್ಲಿ, ಇಬ್ರಿಗೂ ಅನುಕೂಲ. ಬೇಸ್‌ಬಾಲ್ ಅಂದ್ರೆ ಪ್ರಾಣ ಅವ್ರಿಗೆ. ಕಬ್ಸ್ ನೀಲಿ ಬಿಟ್ರೆ ಬೇರೆ ಬಣ್ಣ ಮುಟ್ಟಲ್ಲ." ಮೂರೇ ದಿನಕ್ಕೆ ಅವರೇ ಫೋನ್ ಮಾಡಿ ಭಾನುವಾರದ ಊಟಕ್ಕೆ ಕರೆದರು. ಶ್ರೀಕಾಂತ ಅಂದೇ ಕಬ್ಸ್ ಅಂಗಿ ತರಿಸಿದ.

ಚಮಚ ಬಗ್ಗಿತು. ಡಿ ಕಿತ್ತುಬಂತು.

ಬಾಗಿಲು ತೆರೆದ ರವಿಶಂಕರ ಅವರನ್ನು ಕಂಡು ಶ್ರೀಕಾಂತ ಹೊಸ್ತಿಲಲ್ಲೇ ನಿಂತುಬಿಟ್ಟ. ಐವತ್ತರ ಆಸುಪಾಸಿನ ಆ ಮನುಷ್ಯನ ತಲೆಯ ಮೇಲೆ ಡೆಟ್ರಾಯ್ಟಿನ ಟೋಪಿ. ಹಣೆಯ ನೇರಕ್ಕೆ ಹೊಳೆಯುವ ಕಿತ್ತಳೆ ಡಿ. ಅವರೂ ಇವನ ಅಂಗಿ ನೋಡಿ ತಮ್ಮ ಟೋಪಿಯನ್ನೊಮ್ಮೆ ಮುಟ್ಟಿಕೊಂಡರು.

"ಬನ್ನಿ ಸಾರ್, ಬನ್ನಿ," ಎಂದರು ಕೊನೆಗೆ.

ಲಾವಣ್ಯ ಎಲ್ಲವನ್ನೂ ತಲೆಕೆಳಗು ಮಾಡಿದ್ದಳು. ಈತ ಡೆಟ್ರಾಯ್ಟ್ ಭಕ್ತ. ತಾನು ಎದುರಾಳಿಯ ಬಟ್ಟೆ ತೊಟ್ಟು ಬಂದಿದ್ದ. ಶ್ರೀಕಾಂತನಿಗೆ ಅಳು ಬರುವುದೊಂದು ಬಾಕಿ.

ಪದ್ಮಜಾ ತಂದಿದ್ದ ಹಣ್ಣಿನ ಚೀಲವನ್ನು ರವಿಶಂಕರ ಅವರ ಹೆಂಡತಿ ಶಾರದ ದೇವರ ಮುಂದೆ ಇಟ್ಟರು. ಹಣ್ಣುಗಳ ಅಡಿಯಲ್ಲಿ ಒಂದು ಕವರು, ಕವರಿನಲ್ಲಿ ಶ್ರೀಕಾಂತನ ರೆಸ್ಯೂಮೆ. ಊಟಕ್ಕೆ ಕರೆದವರ ಮುಂದೆ ಬಾಯಿಬಿಟ್ಟು ಕೆಲಸ ಕೇಳಲು ನಾಚಿಕೆ. ತಾವು ಹೊರಟ ಮೇಲೆ ನೋಡಿಕೊಳ್ಳಲಿ ಎಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು.

"ನೀಲಿ ಅಂದ್ರೆ ನೀಲೀನೇ ಸಾರ್," ಎಂದರು ರವಿಶಂಕರ, ಕೋಸಂಬರಿ ಬಡಿಸುತ್ತ. "ಎಷ್ಟು ದೂರದಿಂದ್ಲೂ ಎದ್ದು ಕಾಣುತ್ತೆ. ಈ ಕಿತ್ತಳೆ ನೋಡಿ, ರೋಡ್ ರಿಪೇರಿ ಕೋನ್ ಥರ."

ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ ಶ್ರೀಕಾಂತ. "ಹಾಗನ್ಬೇಡಿ ಸಾರ್. ಕಿತ್ತಳೆ ಗತ್ತೇ ಬೇರೆ. ನಾನು ಹಾಕ್ಕೊಂಡಿರೋದು ಬಕೆಟ್ ಬಣ್ಣ."

"ಹಾಗಂತೀರಾ?" ಅವರು ತಡಬಡಿಸಿದರು. "ನೀವಂದ್ಮೇಲೆ ಸರಿಯೇ. ಕಿತ್ತಳೇಲಿ ಒಂದು ಕಳೆ ಇದೆ."

ಸಾರಿನ ಹೊತ್ತಿಗೆ ಇಬ್ಬರೂ ಪಕ್ಷ ಬದಲಿಸಿದ್ದರು. ಒಬ್ಬಟ್ಟಿನ ಹೊತ್ತಿಗೆ ಮತ್ತೆ ಬದಲಿಸಿದರು. ಮನಸಾರೆ ಒಪ್ಪಿದ್ದು ಒಂದೇ ಒಂದು ಮಾತನ್ನು: ಹೆಂಗಸರಿಗೆಂದು ಮಾರುವ ಗುಲಾಬಿ ಟೋಪಿ ಮಹಾಪಾಪ, ಯಾವ ತಂಡದ್ದೇ ಆಗಲಿ.

"ನಂಗೆ ಗುಲಾಬೀನೇ ಇಷ್ಟ," ಎಂದರು ಶಾರದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಐಸ್‌ಕ್ರೀಮಿನ ಆಸೆಗೆ ಸುಮ್ಮನಿದ್ದ ಆಶ್ರಿತಾ ಕೊನೆಗೂ ಬಾಯಿಬಿಟ್ಟಳು. "ಅಂಕಲ್, ದ ಟ್ಯಾಗ್ ಈಸ್ ಸ್ಟಿಲ್ ಆನ್ ಯುವರ್ ಕ್ಯಾಪ್."

ರವಿಶಂಕರ ಅವರ ಕಿವಿ ಕೆಂಪಾಯಿತು. "ಹಳೇದು ಒಗೆಯೋಕೆ ಹಾಕಿದೀನಿ ಪುಟ್ಟಿ." ಭಕ್ತಿಯೆಂದರೆ ಇದು, ಒಂದಕ್ಕೆರಡು ಟೋಪಿ, ಎಂದು ಶ್ರೀಕಾಂತ ಇನ್ನಷ್ಟು ಕುಗ್ಗಿದ.

ಹೊರಡುವಾಗ ಶಾರದ ಕುಂಕುಮ ಕೊಟ್ಟು, ಪದ್ಮಜಾಳ ಕೈಗೆ ತಾಂಬೂಲದ ಚೀಲ ಇಟ್ಟರು. ರವಿಶಂಕರ ಕಾರಿನ ತನಕ ಬಂದರು, ಬಾಗಿಲನ್ನೂ ತಾವೇ ತೆಗೆದರು.

"ಚೀಲದಲ್ಲಿ ಒಂದು ಕಾಗದ ಇಟ್ಟಿದೀನಿ ಸಾರ್," ಎಂದರು ಮೆಲ್ಲಗೆ. "ಮನೆಗೆ ಹೋಗಿ ನಿಧಾನಕ್ಕೆ ನೋಡಿ. ಮುಂದಿಂದು ನಿಮ್ಮ ಕೈಲಿದೆ."

"ಆಫರ್ ಲೆಟರ್ ಕಣೇ," ಎಂದ ಶ್ರೀಕಾಂತ ಹೆದ್ದಾರಿ ಸೇರಿದ ಮೇಲೆ. "ಬಾಯಿಬಿಟ್ಟು ಕೇಳೋ ಮೊದಲೇ ಕೊಟ್ಬಿಟ್ರು. ಎಂಥ ದೊಡ್ಡ ಮನುಷ್ಯ." ಪದ್ಮಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕ್ಯಾಂಟನ್ ತನಕ ಕಾಯುವ ತಾಳ್ಮೆ ಯಾರಿಗಿದೆ? ಮೊದಲ ಎಕ್ಸಿಟ್ಟಿನಲ್ಲೇ ಕಾರು ನಿಲ್ಲಿಸಿದ.

ತೆಂಗಿನಕಾಯಿ, ವೀಳ್ಯದೆಲೆ, ಬ್ಲೌಸ್ ಪೀಸ್. ಅದರಡಿಯಲ್ಲಿ ಲಕೋಟೆ. ಒಡೆಯುವಷ್ಟರಲ್ಲಿ ಫೋನು ರಿಂಗಾಯಿತು, ರವಿಶಂಕರ ಅವರ ನಂಬರು. ಎತ್ತಿದರೆ ಆ ಕಡೆ ಹಾಳೆ ತಿರುವುವ ಸದ್ದು. ಅದರ ಹಿಂದೆ "ಹಣ್ಣಿನ ಕೆಳಗೆ ಇತ್ತು ಕಣ್ರೀ" ಎನ್ನುವ ಶಾರದ ಅವರ ದನಿ. ಶ್ರೀಕಾಂತ ಫೋನನ್ನು ಕಿವಿಗೆ ಒತ್ತಿಕೊಂಡೇ ಕಾಗದ ಬಿಡಿಸಿದ.

"ಮಾನ್ಯ ಶ್ರೀಕಾಂತ್ ಅವರಿಗೆ, ಫೆಬ್ರವರಿಯಿಂದ ನನಗೆ ಕೆಲಸವಿಲ್ಲ, ತಮ್ಮ ಕಾರು ಕಂಪನಿಯಲ್ಲಿ ಏನಾದರೂ ಕೊಡಿಸಿದರೆ ಜೀವನಪೂರ್ತಿ ಕಿತ್ತಳೆಯನ್ನೇ ತೊಡುತ್ತೇನೆ, ಲಾವಣ್ಯಾಗೆ ಮಾತ್ರ ಹೇಳಬೇಡಿ."