ಜುಜೆಯ ನೀಲಿ ಅಂಗಿ

ಸತ್ತವರ ಬಟ್ಟೆ ಉಸಿರಾಡುವುದು ಹಳಿಯಾಳದ ಕಡೆ ಯಾರಿಗೂ ಹೊಸದಲ್ಲ. ಕ್ರಿಸ್‌ಮಸ್‌ಗೆ ಮೊಮ್ಮಗಳಿಗೆ ಕೊಡಲೆಂದು ಹಳೆಯ ಬಟ್ಟೆಗಳ ಕೌದಿ ಹೊಲಿಯುತ್ತಿದ್ದ ಮಾರ್ಸೆಲಿನಾ, ತೀರಿಹೋದ ಗಂಡನ ಪಂಚೆಯ ತುಂಡನ್ನು ನಟ್ಟನಡುವೆ ಇಟ್ಟಳು. ಅದು ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಮಗುವಿಗೆ ಚಳಿಯಲ್ಲಿ ಬೆಚ್ಚಗಾದೀತು. ಸುತ್ತಲೂ ಹಚ್ಚಿದ್ದ ಸೊಸೆಯ ಸೀರೆಯ ತುಂಡುಗಳು, ಬದುಕಿರುವವರ ಬಟ್ಟೆಯಂತೆ, ಸುಮ್ಮನೆ ಬಿದ್ದಿದ್ದವು.

ಅಂಚಿಗೆ ಬಟ್ಟೆ ಸಾಲಲಿಲ್ಲ. ಪೆಟ್ಟಿಗೆಯಿಂದ ಮಗ ಜುಜೆಯ ಹಳೆಯ ನೀಲಿ ಅಂಗಿ ತೆಗೆದಳು. ಅವನು ಕಾರವಾರದಲ್ಲಿ ಮೀನಿನ ದೋಣಿಯ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮೊನ್ನೆಯಷ್ಟೇ ಫೋನಿನಲ್ಲಿ ಮಗಳಿಗೆ ಹಾಡು ಹೇಳಿದ್ದ.

ಕತ್ತರಿ ತಾಗಿಸುವಷ್ಟರಲ್ಲಿ ಅಂಗಿಯ ಎದೆ ಉಬ್ಬಿತು. ಇಳಿಯಿತು. ಗಾಳಿಯಿರಬೇಕೆಂದು ಎದ್ದು ಬಾಗಿಲು ಹಾಕಿ ಬಂದಳು. ಅದು ಮತ್ತೆ ಉಬ್ಬಿತು.

ಹಿತ್ತಲಿಂದ ಸೊಸೆ ಕತ್ರೀನಾ ಕೂಗಿದಳು: "ಅತ್ತಿ, ನಾಳೆ ಸಂತಿ ಐತಿ. ಅವರಿಗೊಂದು ಹೊಸ ಅಂಗಿ ತರ್ಲೇನು?"

ಮಾರ್ಸೆಲಿನಾ ಅಂಗಿಯನ್ನು ಅವುಚಿಕೊಂಡಳು. ಅದರ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು; ಉಪ್ಪುನೀರಿನ ವಾಸನೆಯಿತ್ತು.

"ಸಂತಿಗೆ ಹೋಗಬ್ಯಾಡವ್ವಾ. ಒಳಗ ಬಾ, ಇವನ್ನ ಹಿಡಕೋ. ಇನ್ನೂ ಬೆಚ್ಚಗದಾನ."