ಆಫೀಸಿನವರ ಕಾರ್ಡು

ದೇವಯ್ಯ ಮಗಳ ಮದುವೆ ಕಾರ್ಡಿನ ಪ್ರೂಫಿನಲ್ಲಿ ಶಿಲುಬೆಯ ಮೇಲೆ ಕೆಂಪು ಗೀಟು ಎಳೆದರು. ಅದರ ಕೆಳಗೆ, ದೇವರಿಗೆ ಭಯಪಡುವವರು ಧನ್ಯರೆನ್ನುವ ಬೈಬಲಿನ ಕೀರ್ತನೆಯ ಸಾಲಿತ್ತು. ಅದನ್ನೂ ಹೊಡೆದುಹಾಕಿದರು. "ಆಫೀಸಿನವರಿಗೆ ಕೊಡೋ ಕಾರ್ಡಲ್ಲಿ ಇವೆರಡೂ ಬೇಡ ಶೀನಣ್ಣ. ಚರ್ಚಿನೋರ ಕಾರ್ಡಲ್ಲಿ ಮಾತ್ರ ಇರ್ಲಿ."

ಸುಲ್ತಾನ್‌ಪೇಟೆಯ ಆ ಕಾರ್ಡು ಮುದ್ರಿಸುವ ಅಂಗಡಿಯ ಮಾಲೀಕ ಶೀನಣ್ಣ ಕನ್ನಡಕ ತೆಗೆದರು. "ದೇವರಿಲ್ದೇ ಲಗ್ನಪತ್ರಿಕೆನಾ ಸಾರ್? ನಿಮ್ಮ ದೇವರೋ ನಮ್ಮ ದೇವರೋ, ಮೇಲೆ ಒಬ್ಬ ಇರ್ಬೇಕಲ್ವಾ?"

"ಕಾಲ ಸರಿಯಿಲ್ಲ ಶೀನಣ್ಣ. ಮುಂದಿನ ತಿಂಗಳು ಪ್ರಮೋಷನ್ ಇದೆ. ಸಾಹೇಬ್ರು ಇದನ್ನ ನೋಡಿದ್ರೆ..."

"ಸಾಹೇಬ್ರು!" ಪಕ್ಕದಲ್ಲಿದ್ದ ಮಗಳು ಸೌಂದರ್ಯಾಳ ದನಿಗೆ ಅಂಗಡಿಯವರೆಲ್ಲ ತಿರುಗಿ ನೋಡಿದರು. "ದಿನಾ ಸಂಜೆ ನಮ್ಮನ್ನ ಮಂಡಿಯೂರಿಸಿ, ದೇವರೊಬ್ಬನಿಗೇ ಹೆದರ್ಬೇಕು ಅಂತ ಹೇಳ್ಕೊಟ್ಟಿದ್ದು ಯಾರಪ್ಪಾ?" ಅವಳು ಪೆನ್ನು ಕಿತ್ತುಕೊಂಡು ಪ್ರೂಫಿನಲ್ಲಿದ್ದ ತನ್ನ ಹೆಸರನ್ನೇ ಹೊಡೆದುಹಾಕಿದಳು.

"ಏನಮ್ಮಾ ಇದು?"

"ನಾನು ಮದುವೆ ಆಗ್ತಿರೋದು ಆ ದೇವರ ಮುಂದೆ. ಆತನನ್ನ ಬಚ್ಚಿಡೋದಾದ್ರೆ ನನ್ನೂ ಬಚ್ಚಿಡಿ."

ದೇವಯ್ಯ ಆ ಗೀಟುಗಳನ್ನು ನೋಡಿ, ಪ್ರೂಫನ್ನು ಶೀನಣ್ಣನ ಮುಂದೆ ಸರಿಸಿದರು. "ಎಲ್ಲಾ ಕಾರ್ಡೂ ಮೊದಲಿದ್ದ ಹಾಗೇ ಇರ್ಲಿ ಶೀನಣ್ಣ. ಸಾಹೇಬ್ರಿಗೆ ನಾನೇ ಕೈಯಾರೆ ಕೊಡ್ತೀನಿ."