ಬಳೆಯ ಅಳತೆಯ ರೆಕ್ಕೆ

ಬಸ್ಸುಗಳ ಓಡಾಟವೇ ನಿಂತುಹೋದ ಮೇಲೆ ಗದುಗಿನಲ್ಲಿ ಎಲ್ಲರೂ ರೆಕ್ಕೆ ಕಟ್ಟಿಕೊಂಡೇ ಓಡಾಡುತ್ತಾರೆ. ಆ ರೆಕ್ಕೆಗಳನ್ನು ಕತ್ತರಿಸಿಕೊಡುವುದು ನನ್ನ ಕಸುಬು. ಗಿರಾಕಿಗಳು ತಮ್ಮ ಮೈಗೆ ಹೊಂದುವ ಮಾದರಿಯನ್ನು ಹಳೆಯ ಪೇಪರಿನಲ್ಲಿ ಕತ್ತರಿಸಿ, ಪಕ್ಕದಲ್ಲಿ ದೊಡ್ಡವರ ಕೈಬಳೆಯೊಂದನ್ನಿಟ್ಟು ಫೋಟೊ ಕಳಿಸಬೇಕು. ಬಳೆ ನೋಡಿಯೇ ನನ್ನ ಯಂತ್ರ ಅಳತೆ ಹಿಡಿದು ಬಟ್ಟೆ ಕತ್ತರಿಸುತ್ತದೆ.

ಶಾವಂತ್ರಮ್ಮನ ರೆಕ್ಕೆಯನ್ನು ಅವಳ ಮನೆಮುಂದೆ ಬಿಚ್ಚಿದರೆ ಇಡೀ ಓಣಿಯೇ ಮುಚ್ಚಿಹೋಯಿತು.

“ಇದ್ಯಾರ ಬಳೆ ಇಟ್ಟು ಫೋಟೊ ತಗದ್ರಿ, ಅಮ್ಮಾ?” ನಾನು ರೇಗಿದೆ.

“ಮೊಮ್ಮಗಳಿಗೆ ಹಾಕಾಕ ತಂದದ್ದು. ಗಂಡ ಎದುರಿಗೆ ಕುಂತಾಗ ನನ್ನ ಕೈಯಾನ ಬಳೆ ತಗೀಲೇನು?”

ಮಗುವಿನ ಪುಟ್ಟ ಬಳೆಯನ್ನು ಯಂತ್ರ ದೊಡ್ಡವರದೆಂದು ತಿಳಿದು ರೆಕ್ಕೆಯನ್ನು ಹಿಗ್ಗಿಸಿಬಿಟ್ಟಿತ್ತು. ಬೇರೆ ಕತ್ತರಿಸಲು ಹೊತ್ತಿರಲಿಲ್ಲ. ಸಂಜೆಗೇ ಕೊಪ್ಪಳದಲ್ಲಿ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಶಾವಂತ್ರಮ್ಮ ಒಬ್ಬಳೇ ಹೊರಟಿದ್ದಳು. ಗಂಡ ಫಕೀರಪ್ಪಜ್ಜ ಭುಜ ಮುರಿದುಕೊಂಡಂದಿನಿಂದ ರೆಕ್ಕೆ ಬಡಿಯಲಾರದೆ ಕಟ್ಟೆ ಹಿಡಿದು ಕುಳಿತಿದ್ದ.

“ನೋಡೇಬಿಡೂಣು,” ಎಂದು ಅವಳು ರೆಕ್ಕೆ ಕಟ್ಟಿಕೊಂಡು ಒಮ್ಮೆ ಬಡಿದಳು. ಗಾಳಿ ಅವಳನ್ನು ಎತ್ತಿಕೊಂಡು ಹೋಗಿ ಬೇವಿನ ಮರಕ್ಕೆ ಸಿಕ್ಕಿಸಿತು. ಏಣಿ ಹಾಕಿ ಇಳಿಸಿದೆ.

“ಇಷ್ಟು ದೊಡ್ಡ ರೆಕ್ಕಿಗೆ ನಿಮ್ಮೊಬ್ಬರ ಭಾರ ಸಾಲೂದಿಲ್ಲ. ಇನ್ನೊಂದು ಆಳಿನ ತೂಕ ಬೇಕು. ಸೊಂಟಕ್ಕ ಒಂದು ಜೋಳದ ಚೀಲ ಕಟ್ಕೋರಿ,” ಎಂದೆ.

ಕೂದಲಿನಿಂದ ಬೇವಿನೆಲೆ ಕೊಡವುತ್ತಿದ್ದ ಶಾವಂತ್ರಮ್ಮ ಕಟ್ಟೆಯ ಕಡೆ ತಿರುಗಿದಳು.

“ಜೋಳ ಯಾಕ? ಏನ್ರೀ, ಏಳ್ರಿ! ಒಗದಿದ್ದ ಧೋತರ ಉಟ್ಕೊಂಡು ಬರ್ರಿ. ತೂಕಕ್ಕ ಬೇಕಾಗೀರಿ!”

ಬೇವಿನ ಮರದ ಏಣಿ ತೆಗೆದಿಟ್ಟು ನಾನು ತಿರುಗುವಷ್ಟರಲ್ಲಿ, ಅಜ್ಜ ತಲೆಗೆ ಪಟಗ ಸುತ್ತಿಕೊಂಡು ರೆಕ್ಕೆಯ ಕೆಳಗೆ ನಿಂತಿದ್ದ.